ಸುಭೇದಾರನನ್ನು ಜಳಕೋಟಕ್ಕೆ ಮುಟ್ಟಿಸಿದ್ದು

ದಾಳಿಂಬದ ಸ್ಟ್ಯಾಂಡಿನಲ್ಲಿ ಶೇರ್ ಆಟೋದವನು ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿ ನನ್ನನ್ನು ಹತ್ತಿಸಿಕೊಳ್ಳಲು ಒಪ್ಪಿದ, ಸುಭೇದಾರನನ್ನು ಒಪ್ಪಲಿಲ್ಲ. ಸುಭೇದಾರ ನಮ್ಮ ಟಗರು. ಎದೆ ಮುಂದೆ ಮಾಡಿಕೊಂಡು ನಡೆಯುತ್ತಾನೆಂದು ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಇಟ್ಟ ಹೆಸರು. ಎದೆ ಮುಂದೆ ಮಾಡಿ ನಾನೂ ನಡೆದು ತೋರಿಸಿದ್ದೆ. ನನಗೆ ಆಕೆ ಇಟ್ಟದ್ದು ‘ಕಟಗಿ’, ಅಂದರೆ ಒಣ ಕಟ್ಟಿಗೆ.

ಮರಿಯಾಗಿದ್ದಾಗ ಆಯಿ ಬಗ್ಗಿ ಅವನ ಹಣೆಗೆ ತನ್ನ ಹಣೆ ತಾಗಿಸಿ ಆಡಿಸುತ್ತಿದ್ದಳು. ಹೀಗಾಗಿ ಯಾರೇ ಬಗ್ಗಿದರೂ ತನ್ನನ್ನು ಆಟಕ್ಕೆ ಕರೆದರೆಂದೇ ಅವನ ತಿಳುವಳಿಕೆ. ಆಯಿ ತೀರಿಕೊಂಡ ಮೇಲೂ ಅವನ ತಿಳುವಳಿಕೆ ಬದಲಾಗಲಿಲ್ಲ, ಕೋಡು ಮಾತ್ರ ಬೆಳೆದವು. ದೀಪಾವಳಿ ಮುಗಿದ ವಾರ ಪಕ್ಕದ ಮನೆಯ ಕಾಕು ಅಂಗಳ ಗುಡಿಸಲು ಬಗ್ಗಿದಳು. ಆಕೆಯ ಮುಂಗೈ ಮುರಿಯಿತು.

“ಅಮಾಸಿ ಒಳಗ ಎಲ್ಯಾರ ಒಂದು ಛಲೋ ಮನಿಗಿ ಮುಟ್ಟಸು. ಇಲ್ಲಂದ್ರ ಸಂತಿಗಿ ಹೊಡೀತೀನಿ,” ಅಂದ ಅಪ್ಪ. ನಮ್ಮದು ಲಿಂಗ ಕಟ್ಟಿದ ಮನೆತನ, ಮಾಂಸ ತಿನ್ನುವವರಲ್ಲ. ಆದರೆ ಸಂತೆಗೆ ಹೋದ ಟಗರು ಯಾವ ಊರಿನ ಯಾತ್ರೆಗೂ ಹೋಗುವುದಿಲ್ಲವೆಂದು ನಮಗೂ ಗೊತ್ತು. ಆಯಿ ಬಾಟಲಿ ಹಾಲು ಕುಡಿಸಿ ಸಾಕಿದ್ದನ್ನು ಯಾರೋ ತಾಟಿನಲ್ಲಿ ಹಾಕಿಕೊಳ್ಳುವುದು ನನ್ನಿಂದ ನೋಡಲಾಗದು. ನಿಲಂಗಾದಲ್ಲಿ ಸೋದರತ್ತೆ ಇದ್ದಳು. ಆಯಿಯ ಸ್ವಂತ ಮಗಳು, ಕತ್ತಿ ಕಾಣದ ಮನೆ. ಅಲ್ಲಿಗೇ ಹೊರಟಿದ್ದೆ.

ಕೊನೆಗೆ ಸೋಯಾ ಚೀಲ ಹೇರಿಕೊಂಡು ಉಮರ್ಗಾ ಮೇಲಿಂದ ನಿಲಂಗಾಕ್ಕೆ ಹೊರಟಿದ್ದ ಟೆಂಪೊದ ಕಾಕಾ ನಿಲ್ಲಿಸಿದ. ನನಗೆ ನೂರು, ಟಗರಿಗೂ ನೂರು. ಸುಭೇದಾರ ಮಾತ್ರ ಹತ್ತಲೊಲ್ಲ. ನಾನು ಹಗ್ಗ ಜಗ್ಗಿದೆ, ಅವನು ನನ್ನನ್ನು ಜಗ್ಗಿದ. ಬೇರೆ ದಾರಿ ಇರಲಿಲ್ಲ. ಆಯಿಯ ಹಾಗೆ ಎರಡು ಸಲ ಕೆಮ್ಮಿ, ಹಲ್ಲಿಲ್ಲದ ಬಾಯಿ ಮಾಡಿ, ಕೊನೆಗೆ ದನಿ ಏರಿಸಿ ಕರೆದೆ: “ಸುಭೇದಾsss, ಬಾರೋ ನಮ್ಮಪ್ಪಾ, ಬಾ!”

ಒಂದೇ ಜಿಗಿತಕ್ಕೆ ಚೀಲದ ಮೇಲಿದ್ದ. ಟೆಂಪೊದ ಕಾಕಾ ಮುದುಕಿ ಎಲ್ಲಿ ಎಂದು ಗಾಡಿಯ ಸುತ್ತ ಹುಡುಕಿದ.

ಬೇರೆಯವರ ದನಿ ತೆಗೆಯುವ ನನ್ನ ಕಸುಬು ತಿಳಿದ ಮೇಲೆ ಅವನು ಸುಮ್ಮನೆ ಬಿಡಲಿಲ್ಲ. ಉಮರ್ಗಾ ದಾಟುವುದರೊಳಗೆ ಎಸ್‌ಟಿ ಕಂಡಕ್ಟರ್, ಮತ ಕೇಳಲು ಬಂದ ಪುಢಾರಿ, ನಮ್ಮಪ್ಪ, ಎಲ್ಲರೂ ಟೆಂಪೊ ಹತ್ತಿ ಇಳಿದರು.

“ಇದ್ರಾಗ ನಿಂದು ದನಿ ಯಾವದಲೇ?” ಅಂದ.

“ಅದಕ್ಕ ಭಾಡಾ ಬ್ಯಾರೆ ಆಗ್ತದ, ಕಾಕಾ.”

ದಾರಿಯ ಎರಡೂ ಕಡೆ ತೊಗರಿ ಹೂಬಿಟ್ಟಿತ್ತು, ಜೋಳ ಮೊಣಕಾಲು ಮಟ್ಟಕ್ಕೆ ಬಂದಿತ್ತು. ಇಂಥದೇ ದಿನಗಳಲ್ಲಿ ಆಯಿ ನನ್ನನ್ನೂ ಮರಿಯನ್ನೂ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಿದ್ದಳು. ನಾನು ಆಕೆಯ ಹಾಗೆ ಕೆಮ್ಮಿದರೆ ಮರಿ ನನ್ನ ಕಡೆ ಓಡಿ ಬರುತ್ತಿತ್ತು. “ನನ್ನ ದನಿ ಕಳವು ಮಾಡ್ತೀಯೇನೋ ಖೋಡಿ,” ಎಂದು ಆಕೆ ಬಾರುಕೋಲು ಎತ್ತುತ್ತಿದ್ದಳು. ಒಮ್ಮೆಯೂ ಹೊಡೆದವಳಲ್ಲ.

ನಿಲಂಗಾ ಸ್ಟ್ಯಾಂಡಿನ ಗಾಡಿಯಲ್ಲಿ ಒಂದು ಪ್ಲೇಟು ಖಾರದ ಬಿಸಿ ಅನ್ನ ತೆಗೆದುಕೊಂಡೆ. ಅರ್ಧ ನನಗೆ ಸಿಕ್ಕಿತು. ಅತ್ತೆಯ ಮನೆಯಲ್ಲಿ ಸುಭೇದಾರನಿಗೆ ಬೇವಿನ ಗಿಡದ ಕೆಳಗೆ ಜಾಗ, ಹೊಸ ಬಕೀಟು, ಹಸಿ ಮೇವು. “ನಮ್ಮವ್ವ ಸಾಕಿದ್ದು ನಮ್ಮ ಮನ್ಯಾಗs ಇರ್ಲಿ ಬಿಡು,” ಅಂದಳು ಅತ್ತೆ. ನಾನು ನಿಶ್ಚಿಂತನಾಗಿ ಮಲಗಿದೆ.

ಒಂದು ಸಂಗತಿ ನನ್ನ ತಲೆಗೆ ಹೊಳೆದೇ ಇರಲಿಲ್ಲ. ಅತ್ತೆಯ ಗಂಡ, ನಮ್ಮ ಮಾಮಾ, ಊರಿಗೇ ಹಿರಿಯರು. ಬೆಳಗಾದರೆ ಅವರ ಪಾದ ಮುಟ್ಟಲು ನಾಲ್ಕು ಜನ ಬರುತ್ತಾರೆ, ಮಾಮಾ ತಮಗಿಂತ ಹಿರಿಯರ ಪಾದ ಮುಟ್ಟುತ್ತಾರೆ. ಆ ಅಂಗಳದಲ್ಲಿ ದಿನವಿಡೀ ಯಾರಾದರೊಬ್ಬರು ಬಗ್ಗಿಯೇ ಇರುತ್ತಾರೆ. ಬಗ್ಗಿದವರನ್ನು ಬಿಡದ ಟಗರಿಗೆ ನಾನು ಹುಡುಕಿದ್ದು ಇಂಥ ಮನೆ!

ಬೆಳಿಗ್ಗೆ ಸ್ವಾಮಿಗಳು ಬಂದರು. ಮಾಮಾ ವಿಭೂತಿ ಧರಿಸಿ, ಹೆಗಲ ವಸ್ತ್ರ ಸರಿಮಾಡಿಕೊಂಡು ಭಕ್ತಿಯಿಂದ ಬಗ್ಗಿದರು. ಬೇವಿನ ಬುಡದಲ್ಲಿ ಹಗ್ಗ ಹರಿದ ಸಪ್ಪಳ ಕೇಳಿತು. ಬರೀ ಪಾದ ಮುಟ್ಟಬೇಕಿದ್ದ ಮಾಮಾ ದೀರ್ಘದಂಡ ನಮಸ್ಕಾರವನ್ನೇ ಮಾಡಿಬಿಟ್ಟರು. ಸ್ವಾಮಿಗಳು ಇಷ್ಟು ಭಕ್ತಿ ಎಲ್ಲೂ ಕಂಡಿರಲಿಲ್ಲವೇನೋ, ಎರಡೂ ಕೈಯೆತ್ತಿ ಹರಸಿದರು. ಸುಭೇದಾರ ಎರಡನೆಯ ಆಟಕ್ಕೆ ಹಿಂದೆ ಸರಿಯುತ್ತಿದ್ದ. ನಾನು ಗಾಬರಿಯಿಂದ ಆಯಿಯ ದನಿ ತೆಗೆದೆ: “ಬಾರೋ ನಮ್ಮಪ್ಪಾ, ಬಾ!”

ಟಗರು ನನ್ನ ಕಡೆ ಬಂತು. ಅಡಿಗೆಮನೆಯಿಂದ ಅತ್ತೆಯ ದನಿಯೂ ಬಂತು: “ಓ, ಬಂದೆ ಯವ್ವಾ!”

ಕೈಯಲ್ಲಿ ಜೋಳದ ಹಿಟ್ಟು ಮೆತ್ತಿಕೊಂಡು ಹೊಸ್ತಿಲವರೆಗೆ ಓಡಿ ಬಂದವಳು ನನ್ನನ್ನು ನೋಡಿ ಅಲ್ಲೇ ನಿಂತಳು. ನಾನು ಹರಿದ ಹಗ್ಗದ ತುದಿ ಹಿಡಿದುಕೊಂಡೆ.

ಮಾಮಾ ಸೊಂಟಕ್ಕೆ ಎಣ್ಣೆ ತಿಕ್ಕಿಸಿಕೊಳ್ಳುವಾಗ ಅತ್ತೆ ನನ್ನನ್ನು ಕರೆದು ರೊಟ್ಟಿ, ಶೇಂಗಾ ಹಿಂಡಿ ಗಂಟು ಕಟ್ಟಿಕೊಟ್ಟಳು. “ಇಲ್ಲಿ ಆಗಂಗಿಲ್ಲಪಾ. ಅವ್ವನ ಹೊಲದಾಗ ವರ್ಷಾ ಗೊಬ್ಬರಕ್ಕ ಕುರಿ ಕೂಡಸಾಕ ಬರ್ತಿದ್ಲಲ್ಲ, ಜಳಕೋಟ ಕಡಿ ಭಾಗವ್ವ? ತಾಯಿ ಸತ್ತ ಮರಿ ಅಂತ ಇದನ್ನ ಅವ್ವಗ ಕೊಟ್ಟಾಕಿನೇ ಅಕಿ. ಅಕಿಗೇ ಒಯ್ದು ಒಪ್ಪಸು.”

“ಕುರಿಯವರು ಮಾರ್ತಾರಲ್ಲ, ಅತ್ತೀ?”

“ಕೇಳು ಮೊದಲ. ಬಾಯಿ ಇಲ್ಲೇನು ನಿನಗ? ಹತ್ತು ಮಂದಿದು ಅವ.”

ಉದ್ಗೀರ ತಲುಪಿದಾಗ ಮಧ್ಯಾಹ್ನದ ಬಿಸಿಲು ಚುರುಗುಡುತ್ತಿತ್ತು. ಜಳಕೋಟದ ಗಾಡಿ ಕಾಯುತ್ತ ನಿಂತಿದ್ದಾಗ ಒಬ್ಬ ವ್ಯಾಪಾರಿ ಬಂದು, ಕೇಳದೆ ಮಾಡದೆ, ಸುಭೇದಾರನ ಬೆನ್ನೆಲುಬಿನ ಮೇಲೆ ಬೆರಳು ಒತ್ತಿ ಮಾಂಸ ನೋಡಿದ. “ಕಿತೀಲಾ ದೇಣಾರ್?” ಎಷ್ಟಕ್ಕೆ ಕೊಡುತ್ತೀ ಎಂದು ಮರಾಠಿಯಲ್ಲಿ ಕೇಳಿ ನನ್ನ ಮುಖ ನೋಡಿದ. ನಾನು ನಮ್ಮ ಪುಢಾರಿಯ ಗಡಸು ದನಿಯಲ್ಲಿ, “ಹಾ ವಿಕಾಯಚಾ ನಾಹೀ,” ಇದು ಮಾರಾಟಕ್ಕಲ್ಲ, ಅಂದೆ. ಆ ದನಿಗೆ ನಮ್ಮ ಕಡೆ ಯಾರೂ ಹೆದರುವುದಿಲ್ಲ, ಅವನೂ ಹೆದರಲಿಲ್ಲ. ಆಗ ಅವನ ಜೇಬಿನಿಂದ ತಂಬಾಕಿನ ಡಬ್ಬಿ ಕೆಳಗೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದ. ಮುಂದಿನದನ್ನು ಬರೆಯುವುದಿಲ್ಲ. ನಾವು ಸಿಕ್ಕ ಮೊದಲ ಗಾಡಿ ಹತ್ತಿದೆವು.

ಭಾಗವ್ವ ಜಳಕೋಟದ ಆಚೆ, ಸೋಯಾ ಕೊಯ್ದ ಹೊಲದಲ್ಲಿ ಕುರಿ ತರುಬಿದ್ದಳು. ಹಣೆ ತುಂಬ ಅರಿಶಿನದ ಭಂಡಾರ, ಹೆಗಲಿಗೆ ಕಂಬಳಿ. ಟಗರಿನ ಕಿವಿಯ ಹಿಂದಿನ ಕರಿ ಮಚ್ಚೆ ನೋಡಿಯೇ ಗುರುತು ಹಿಡಿದಳು.

“ಅಯ್ಯ, ನಮ್ಮ ಮರಿ! ಮುದುಕಿ ಹ್ಯಾಂಗದಾಳ?”

ಹೇಳಿದೆ. ಆಕೆ ಸ್ವಲ್ಪ ಹೊತ್ತು ಟಗರಿನ ಬೆನ್ನು ನೀವುತ್ತ ಕುಳಿತಳು.

“ಮಾರಬ್ಯಾಡ್ರಿ ಭಾಗವ್ವಾ. ಕೊಯ್ಯಾಕೂ ಕೊಡಬ್ಯಾಡ್ರಿ.”

“ಬೀರಪ್ಪಗ ಬಿಡೂಣು. ಭಂಡಾರ ಬಿದ್ದ ಟಗರಿಗಿ ನಮ್ಮಲ್ಲಿ ಯಾರೂ ಕೈ ಹಚ್ಚಂಗಿಲ್ಲ, ಮುಪ್ಪಾಗಿ ಸಾಯೂತನಾ ಹಿಂಡಿನಾಗs ಇರ್ತದ. ಆದ್ರ ಒಂದು ಮಾತು ನೋಡು. ದೇವರಿಗಿ ಬಿಟ್ಟ ಮ್ಯಾಲ ಮನಿ ಹೆಸರ್ಲೆ ತಿರುಗಿ ಕರೀಬಾರದು. ಕರದ್ರ ಅದು ಹಿಂಡು ಬಿಟ್ಟು ಬರ್ತದ. ಹಿಂಡು ಬಿಟ್ಟ ಟಗರು ತ್ವಾಳಕ್ಕ, ಇಲ್ಲಾ ಮಂದಿಗಿ. ಆಗ್ತದೇನು ನಿನಗ?”

“ಆಗ್ತದ,” ಅಂದೆ. ಅದು ನನ್ನದೇ ದನಿ. ಬಹಳ ದಿನವಾಗಿತ್ತು ಕೇಳಿ, ಸಣ್ಣದಾಗಿತ್ತು.

ಆಕೆ ಹಣೆಗೆ, ಕೋಡಿಗೆ ಭಂಡಾರ ಬಳಿದಳು. ಕೊರಳ ಹಗ್ಗ ಬಿಚ್ಚಲು ನಾನು ಬಗ್ಗಿದೆ. ಇಷ್ಟು ದೂರ ಬಂದು ನಾನೇ ಮರೆತಿದ್ದೆ. ನೆಲದ ಮೇಲೆ ಕುಳಿತಾಗ ನನ್ನ ಹಣೆಯೂ ಹಳದಿಯಾಗಿತ್ತು. ಭಾಗವ್ವ ಕಂಬಳಿ ಬಾಯಿಗಿಟ್ಟುಕೊಂಡು ನಕ್ಕಳು.

ಹೊಲದ ದಂಡೆ ಮುಟ್ಟುವುದರೊಳಗೆ ಹಿಂದೆ ಗೊರಸಿನ ಸಪ್ಪಳ. ಬಂದೇ ಬಿಟ್ಟಿದ್ದ. ಭಾಗವ್ವ ನಾಲಿಗೆ ಹೊರಳಿಸಿ “ಹುರ್ರ್ರ್ ಹೋ!” ಎಂದು ಕೂಗಿದಳು. ಹಿಂಡೆಲ್ಲ ತಿರುಗಿತು. ಅವನು ನನ್ನ ಮುಖ ನೋಡುತ್ತ ನಿಂತ. ಅಟ್ಟಿದರೆ ಆಟವೆಂದುಕೊಂಡ. ನಾನು ಮರಳಿ ಭಾಗವ್ವನ ಪಕ್ಕಕ್ಕೆ ಹೋಗಿ ನಿಂತೆ, ಅವನೂ ಬಂದ. ಎರಡು ಸಲ ಕೆಮ್ಮಿದೆ. ಕಿವಿ ನಿಮಿರಿದವು. ಹೆಸರು ಕರೆಯಲಿಲ್ಲ. ಆಯಿಯ ಗಂಟಲಿನಲ್ಲಿ ಭಾಗವ್ವನ ಕೂಗು ಕೂಗಿದೆ: “ಹುರ್ರ್ರ್ ಹೋ, ನಡಿಯೋ ನಮ್ಮಪ್ಪಾ, ನಡಿ!”

ಕರೆಯುತ್ತಿದ್ದ ದನಿ ಮೊದಲ ಸಲ ಹೋಗೆಂದಿತು. ಅವನು ಸ್ವಲ್ಪ ಹೊತ್ತು ನಿಂತ, ಆಮೇಲೆ ಹಿಂಡಿನ ಕಡೆ ನಡೆದ. ಎದೆ ಮುಂದೆಯೇ ಇತ್ತು. ಭಾಗವ್ವ ಅದೇ ಕೂಗನ್ನು ತನ್ನ ದನಿಯಲ್ಲಿ ಹಾಕಿದಳು. ಹಿಂಡಿನ ಜೊತೆ ಅವನೂ ಹೊರಳಿದ.

ಮರುದಿನ ಉಮರ್ಗಾ ನಾಕಾದಲ್ಲಿ ಅದೇ ಟೆಂಪೊದ ಕಾಕಾ ಸಿಕ್ಕ. “ಆ ಮುದುಕಿ ದನಿ ಒಮ್ಮೆ ತಗಿಯಲಾ,” ಅಂದ. ಕಂಡಕ್ಟರನನ್ನು ಮಾಡಿ ತೋರಿಸಿದೆ, ಪುಢಾರಿಯನ್ನೂ ಮಾಡಿದೆ. ಅದೊಂದನ್ನು ಮಾಡಲಿಲ್ಲ. ಓಗೊಡುವವನು ಅಲ್ಲಿ ಭಂಡಾರ ಹಚ್ಚಿಕೊಂಡು ಮೇಯುತ್ತಿದ್ದ.

ಮನೆ ಮುಟ್ಟಿದಾಗ ಸಂಜೆ. ಅಪ್ಪ ಕಟ್ಟೆಯ ಮೇಲಿದ್ದ. ಎಲ್ಲ ಹೇಳಿದೆ, “ಛಲೋ ಆತು,” ಅಂದ. ಚಪ್ಪಲಿಯ ಪಟ್ಟಿ ಬಿಚ್ಚಲು ಅಂಗಳದಲ್ಲಿ ಬಗ್ಗಿದವನು ರೂಢಿಯಂತೆ ಒಮ್ಮೆ ಹಿಂದೆ ತಿರುಗಿ ನೋಡಿದೆ.

ಅಪ್ಪನೂ ಅಲ್ಲೇ ನೋಡುತ್ತಿದ್ದ.