ಭಂಗಾರದ ಬಳೆ

ನಮ್ಮ ಡ್ರಾಯಿಂಗ್ ಅಕ್ಕೋರ ಎಡಗಿವಿಯಲ್ಲಿ ಒಡೆದ ಬಕೆಟಿನ ಹಸಿರು ಚೂರು ತೂಗುತ್ತಿತ್ತು, ಬಲಗಿವಿಯಲ್ಲಿ ಎಣ್ಣೆ ಡಬ್ಬಿಯ ಹಳದಿ ಮುಚ್ಚಳ. ಹುಕ್ಕೇರಿಯ ಶಾಲೆಗೆ ಕಲಿಸಲು ಬಂದ ಅವರನ್ನು ಮೊದಲ ಸಲ ನೋಡಿದಾಗ ತೆರೆದ ಬಾಯಿ ಮುಚ್ಚಲಿಲ್ಲ ನಾನು. ತೊಂಬತ್ತರ ದಶಕದ ಕೊನೆ ಅದು. ಬಂಗಾರವಿಲ್ಲದಿದ್ದರೆ ರೋಲ್ಡ್ ಗೋಲ್ಡ್ ಆದರೂ ಹಾಕಿಕೊಂಡೇ ಹೊರಬೀಳುವ ಊರು ನಮ್ಮದು.

ನಮ್ಮ ಕಡೆ ಗುಜರಿಗೆ ಭಂಗಾರ ಎನ್ನುತ್ತಾರೆ. ಅಕ್ಕೋರು ಭಂಗಾರದವನ ಗಾಡಿ ನಿಲ್ಲಿಸಿ ಸೀಳಿದ ಪ್ಲಾಸ್ಟಿಕ್ ಕೊಡ, ಮುರಿದ ಬಾಚಣಿಕೆ ಆರಿಸಿ ತಂದು, ಸ್ಟೋವಿನ ಮೇಲೆ ಕಾಸಿ, ಬಗ್ಗಿಸಿ, ಉಜ್ಜಿ ಸರ, ಬಳೆ ಮಾಡುತ್ತಿದ್ದರು. ಧಾರವಾಡದ ಕಲಾಪ್ರದರ್ಶನಗಳಿಗೂ ಕಳಿಸುತ್ತಿದ್ದರು. ಯಾರಾದರೂ ಚಾಷ್ಟಿ ಮಾಡಿ ನಕ್ಕರೆ, "ಬಂಗಾರ ಅಂತನ ಅನ್ರಿ, ಜರಾ ಒತ್ತಿ ಅನ್ರಿ, ಅಷ್ಟ" ಎಂದು ನಗುತ್ತಿದ್ದರು.

ಅವರ ಗಂಡ ಹತ್ತರಗಿ ಹತ್ತಿರ ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕು ತೀರಿಕೊಂಡರು. ಬೆಳಿಗ್ಗೆ ನಮ್ಮ ಓಣಿಯಲ್ಲಿ ನನ್ನನ್ನು ಮಾತಾಡಿಸಿ ಹೋದ ಮನುಷ್ಯ, ಸಂಜೆ ಹೆಣವಾಗಿ ಬಂದಿದ್ದರು. ಅಕ್ಕೋರ ಬಳೆ ಒಡೆಯಲು ನನ್ನವ್ವನನ್ನು ಕರೆಸಿದರು. ಓಣಿಯಲ್ಲಿ ಆ ಕೆಲಸ ಯಾವಾಗಲೂ ಅವ್ವನದೇ. ಅವಳೂ ಗಂಡನನ್ನು ಕಳೆದುಕೊಂಡವಳೆಂದು.

ಅಕ್ಕೋರ ಕೈಯನ್ನು ನೆಲದ ಮೇಲಿಟ್ಟು ಅವ್ವ ಕಲ್ಲೆತ್ತಿ ಹೊಡೆದಳು. ಬಳೆ ಒಡೆಯಲಿಲ್ಲ. ಮತ್ತೆ ಹೊಡೆದಳು. ಕಲ್ಲು ಪುಟಿದು ಅವಳ ಕೈಯಿಂದ ಜಾರಿತು. ಅಳುತ್ತಿದ್ದವರೆಲ್ಲ ಅಳು ಬಿಟ್ಟು ಬಳೆಯನ್ನೇ ನೋಡಿದರು. ಅಷ್ಟು ಹೆಂಗಸರಲ್ಲಿ ಮುಂದೇನು ಮಾಡಬೇಕೆಂದು ಒಬ್ಬರಿಗೂ ತಿಳಿಯಲಿಲ್ಲ.

"ಕತ್ತರಿ ತರ್ರಿ" ಎಂದರು ಅಕ್ಕೋರ ಅತ್ತೆ.

ಅಕ್ಕೋರು ತಲೆಯೆತ್ತಿ ಅವ್ವನನ್ನು ನೋಡಿದರು. "ಬಿಡ್ರಿ ಅಕ್ಕಾ, ನಿಮ್ಮ ಕೈಗೆ ಪೆಟ್ಟಾದೀತು. ಇವು ನಾನ ಮಾಡಿ ಹಾಕ್ಕೊಂಡದ್ದು. ನನ್ನ ಕೈಯಾಗ ಇರ್ಲಿ."

ಗಂಡನ ಹೆಣದ ಮುಂದೆ ಕೂತು ಇನ್ನೊಬ್ಬರ ಕೈಗೆ ನೋವಾದೀತೆಂದು ಮರುಗುವ ಹೆಂಗಸನ್ನು ನಾನು ಕಂಡಿರಲಿಲ್ಲ. ಅತ್ತೆ ಬೈದರು, ಎದೆ ಬಡಿದುಕೊಂಡರು. ಅಕ್ಕೋರು ಕೈ ಕೊಡಲಿಲ್ಲ. ಅವ್ವ ಕಲ್ಲನ್ನು ಅಲ್ಲೇ ಬಿಟ್ಟು ಎದ್ದು, ಯಾರಿಗೂ ಹೇಳದೆ ಮನೆಗೆ ನಡೆದಳು.

ಮರುತಿಂಗಳು ಅವ್ವ ನಮ್ಮ ಸೀಳಿದ ಕೆಂಪು ಕೊಡವನ್ನು ಬಗಲಲ್ಲಿಟ್ಟುಕೊಂಡು ಅಕ್ಕೋರ ಮನೆಗೆ ಹೋದಾಗ ನಾನು ಮತ್ತೊಮ್ಮೆ ಹೌಹಾರಿದೆ.

"ಇದರಾಗ ನನಗೊಂದ್ ಜೋಡ ಬಳಿ ಆಕ್ಕಾವೇನ್ರಿ?" ಎಂದಳು.

ಅಕ್ಕೋರು ಅವ್ವನ ಬೋಳು ಕೈ ಹಿಡಿದು ಅಳತೆ ನೋಡಿದರು.

ಅಕ್ಕೋರು ತೀರಿಕೊಂಡು ವರ್ಷಗಳಾದವು. ಅವರ ಋಣ ನಮ್ಮ ಮನೆಯ ಮೇಲೆ ದೊಡ್ಡದು. ಆ ಬಳೆ ಬಂದ ಮೇಲೆ ಓಣಿಯಲ್ಲಿ ಮತ್ತೊಂದು ಸಾವಾದಾಗ ಬಳೆ ಒಡೆಯಲು ಅವ್ವನನ್ನು ಕರೆಯಬಂದರು. ಅವಳು ಕೆಂಪು ಬಳೆಯ ಕೈಯನ್ನು ಮುಂದೆ ಚಾಚಿ, "ಕೈ ಖಾಲಿ ಇಲ್ರಿ" ಎಂದಳು.