ಓದು ಅಂತ್ಲೇ ಬರೀರಿ

ಬಾಗಲಗುಂಟೆಯ ಲೈಬ್ರರಿ ಅಂದರೆ ಊರಿನ ಹಳೇ ಯಜಮಾನರೊಬ್ಬರ ಮನೆಯ ಮುಂದಿನ ಕೋಣೆ. ಹಿಂದಿನ ಕೋಣೆಯಲ್ಲಿ ಅವರ ರಾಗಿ ಮೂಟೆ, ಮುಂದಿನದರಲ್ಲಿ ಸರ್ಕಾರದ ಪುಸ್ತಕ. ಇಲಿಗಳು ಎರಡಕ್ಕೂ ಸಮಾನ ಗೌರವ ಕೊಡುತ್ತಿದ್ದವು. ಗೋಡೆ ಹಳದಿಯಾಗಿತ್ತು ಎಂದು ಬರೆದು ಹೊಡೆದುಹಾಕಿದ್ದೇನೆ. ಇಂಥ ಕಡೆ ನೆನಪು ತನ್ನಷ್ಟಕ್ಕೆ ಬಣ್ಣ ಬಳಿದುಬಿಡುತ್ತದೆ.

ಎಂಬತ್ತರ ದಶಕದ ಆರಂಭ. ಬೇಸಿಗೆ ರಜೆಯಲ್ಲಿ ಮಕ್ಕಳಿಗಾಗಿ ಏನಾದರೂ ಮಾಡಿ ಎಂದು ಮೇಲಿನಿಂದ ಆದೇಶ ಬಂತು. ಕೂಡಲೇ ಸಮಿತಿಯಾಯಿತು. ಕೋಣೆ ತಮ್ಮದಾದ್ದರಿಂದ ಯಜಮಾನರು ಅಧ್ಯಕ್ಷರು. ಬೀಗದ ಕೈ ತಮ್ಮಲ್ಲಿದ್ದದ್ದರಿಂದ ಲೈಬ್ರರಿಯವರು ಕಾರ್ಯದರ್ಶಿ. ನಾನು ಪೀಣ್ಯದ ಕಾರ್ಖಾನೆಯೊಂದರ ಗುಮಾಸ್ತ. ಯಾರಿಗೂ ಅರ್ಥವಾಗದ ಎರಡು ಪದ್ಯ ಅಚ್ಚಾಗಿದ್ದವಾದ್ದರಿಂದ ಮಕ್ಕಳ ವಿಷಯದಲ್ಲಿ ತಜ್ಞ.

ಕತೆಗಳನ್ನು ನಡುವಿನಿಂದ ಓದಿಸೋಣ, ಮೊದಲನ್ನು ಮಕ್ಕಳೇ ಕಟ್ಟಿಕೊಳ್ಳಲಿ ಎಂದು ನಾನು ಘನವಾಗಿ ಮಂಡಿಸಿದೆ. ಮುಕ್ಕಾಲು ಪುಸ್ತಕಗಳಿಗೆ ಮೊದಲ ಪುಟಗಳೇ ಇಲ್ಲ, ಹಾಗಾಗಿ ಪ್ರತ್ಯೇಕ ತಯಾರಿ ಬೇಕಿಲ್ಲ ಎಂದು ಲೈಬ್ರರಿಯವರು ಒಪ್ಪಿದರು. ಮುಂದಿನದು ಹೆಸರಿನ ಪ್ರಶ್ನೆ. ‘ಪುಸ್ತಕಗಳ ನಡುವೆ ಅಲೆದಾಟ’ ಅಂದೆ.

“ಅಲಿಯಾದ್ನ ಬೇರೆ ಕಲಿಸ್ಬೇಕಾ ಆ ಮುಂಡೇವ್ಕೆ?” ಅಂದರು ಅಧ್ಯಕ್ಷರು. “ಓದು ಅಂತ್ಲೇ ಬರೀರಿ ಸ್ವಾಮಿ.”

‘ಬೇಸಿಗೆ ಓದು ಶಿಬಿರ’ ಎಂದು ಬೋರ್ಡು ಬಂತು. ನಮ್ಮ ಕಡೆ ಓದು ಅಂದರೆ ಏನು ಎಂಬುದು ಪದ್ಯ ಬರೆಯುವವನಿಗೂ ಹೊಳೆಯಲಿಲ್ಲ, ಪುಸ್ತಕ ಕಾಯುವವರಿಗೂ ಹೊಳೆಯಲಿಲ್ಲ. ‘ಕತೆ ಪುಸ್ತಕ ಕೆಳಗಿಡು, ಹೋಗಿ ಓದ್ಕೋ’ ಎಂದು ಮನೆಮನೆಯಲ್ಲಿ ದಿನಾ ಬೈಯುವ ಭಾಷೆ ಇದು. ಕತೆ ಓದುವುದು ಓದಲ್ಲ. ಓದು ಅಂದರೆ ಪಾಠ, ಲೆಕ್ಕ, ಪರೀಕ್ಷೆ.

ಮೊದಲ ದಿನ ಬಾಗಿಲಲ್ಲಿ ನೂಕುನುಗ್ಗಲು. ಡುಮ್ಕಿ ಹೊಡೆದ ಮಕ್ಕಳನ್ನು ಲೆಕ್ಕದ ಪುಸ್ತಕದ ಸಮೇತ ಎಳೆದುಕೊಂಡು ಬಂದಿದ್ದರು. ಸರ್ಕಾರದ ಬಿಟ್ಟಿ ಟ್ಯೂಷನ್! ನಾನು ಕಲ್ಪನೆಯ ಬಗ್ಗೆ ಸ್ವಾಗತ ಭಾಷಣ ಮಾಡಿದೆ. ಮಧ್ಯಾಹ್ನದ ಹೊತ್ತಿಗೆ ಬಹುಪಾಲು ತಂದೆತಾಯಿಗಳು ಬಂದು ತಮ್ಮ ಮಕ್ಕಳನ್ನು ಕಲ್ಪನೆಯಿಂದ ಬಿಡಿಸಿಕೊಂಡು ಹೋದರು.

ಉಳಿದವರಲ್ಲಿ ಒಬ್ಬಳು ಏಳನೇ ಕ್ಲಾಸಿನ ಲೆಕ್ಕದಲ್ಲಿ ಡುಮ್ಕಿ ಹೊಡೆದವಳು. ಅವಳಮ್ಮ ಸ್ಕ್ರೂ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸದವಳು, ಓದು ಬಾರದವಳು. ಮಾರನೆಯ ದಿನ ಮೆಟ್ಟಿಲ ಮೇಲೆ ನಿಂತು ಕರಾರು ಹೇಳಿದಳು: “ಓದಾದ್ರೆ ಇರ್ಲಿ ಸಾರ್. ಇಲ್ಲಾಂದ್ರೆ ಸೋಮವಾರದಿಂದ ದೊಡ್ಡಮ್ಮನ ಜೊತೆ ಊದುಬತ್ತಿ ಒಸೆಯಾಕೆ ಓಗ್ತಾಳೆ. ಆಮೇಲೆ ಇಸ್ಕೂಲೂ ಬೇಡ, ಏನೂ ಬೇಡ.”

ಹುಡುಗಿ ಬೀರುವಿನ ಗಾಜಿಗೆ ಮೂಗು ಒತ್ತಿ ನಿಂತಿದ್ದಳು. ತಿರುಗಿ ನೋಡಲಿಲ್ಲ.

“ಇದು ಓದೇ ಕಣಮ್ಮ,” ಅಂದರು ಲೈಬ್ರರಿಯವರು. ಬದುಕಿನಲ್ಲಿ ಅವರು ಮಾಡಿದ ಒಂದೇ ಶ್ಲೇಷೆ ಅದಿರಬೇಕು.

ಅಂದಿನಿಂದ ಬೆಳಿಗ್ಗೆ ಸ್ವಲ್ಪ ಹೊತ್ತು ಲೆಕ್ಕ. ಹೇಳಿಕೊಡುತ್ತಿದ್ದವರೂ ಲೈಬ್ರರಿಯವರೇ. ಭಿನ್ನರಾಶಿಯ ಮುಂದೆ ಅವರಿಗೂ ಬೆವರು. ಹುಡುಗಿ ಮಾತ್ರ ಲೆಕ್ಕವನ್ನು ಕಷಾಯದ ಹಾಗೆ ಒಂದೇ ಗುಟುಕಿಗೆ ಮುಗಿಸಿ ಬೀರುವಿಗೆ ಓಡುತ್ತಿದ್ದಳು.

ಆ ಶನಿವಾರ ಶಿಫ್ಟು ಮುಗಿಸಿ ಅಮ್ಮ ಹೇಳದೆ ಕೇಳದೆ ಬಂದು ಬಾಗಿಲಲ್ಲಿ ನಿಂತಳು. ಮಗಳು ಓದುತ್ತಿದ್ದದ್ದು ರಾಜನೊಬ್ಬನ ಮೀಸೆಯಲ್ಲಿ ಗುಬ್ಬಿ ಗೂಡು ಕಟ್ಟಿದ ಕತೆ. ಅಮ್ಮನನ್ನು ಕಂಡದ್ದೇ ಅವಳ ದನಿ ಬದಲಾಯಿತು. ಸ್ಕೂಲಿನಲ್ಲಿ ಪಾಠ ಒಪ್ಪಿಸುವ ರಾಗ ಹಿಡಿದು, “ರಾಜನೂಊ ಸೀನಲಾರದೇಏ” ಎಂದು ಎಳೆಯತೊಡಗಿದಳು. ರಾಗ ಕೇಳಿ ಅಮ್ಮನ ಮುಖ ಸಡಿಲವಾಯಿತು. ಸ್ವಲ್ಪ ತಡವಾಗಿ ಅರ್ಥವೂ ಬಂದು ತಲುಪಿತು.

“ಮೀಸೇಲಿ ಮೊಟ್ಟೆ ಇಕ್ತಾ?”

ರಾಗಿ ನೋಡಲು ಬಂದಿದ್ದ ಅಧ್ಯಕ್ಷರು ಸಮಿತಿಯ ಮಾನ ಕಾಪಾಡಲು ಮುಂದಾದರು. “ಅದು ವಿಜ್ಞಾನ ಕಣವ್ವ. ಪಕ್ಷಿಗಳ ಪಾಠ.”

“ನಂಗೆ ಓದಾಕೆ ಬರಲ್ಲ ಯಜಮಾನ್ರೇ. ಕಿವಿ ಕೇಳ್ತದೆ,” ಅಂದಳು ಅವಳು.

ಆಮೇಲೆ ಮಗಳನ್ನು ಕೇಳಿದ್ದು ಇಷ್ಟೇ, ಲೆಕ್ಕ ಆಯಿತೇ ಎಂದು. ಆಗಿದೆ ಎಂದು ಮಗಳು ತಲೆಯಾಡಿಸಿದಳು. ಅಮ್ಮ ಅವಳನ್ನು ಕರೆದುಕೊಂಡು ಹೋದಳು. ಹೋಗುವಾಗ ನಕ್ಕಳು ಎಂದು ಲೈಬ್ರರಿಯವರು ಕೊನೆಯವರೆಗೂ ವಾದಿಸುತ್ತಿದ್ದರು. ನಾನು ನೋಡಿದ್ದು ಬೆನ್ನನ್ನು ಮಾತ್ರ.

ಸೋಮವಾರ ಹುಡುಗಿ ಬರಲಿಲ್ಲ ಎಂದು ಇಲ್ಲಿಗೆ ನಿಲ್ಲಿಸಿದ್ದರೆ ಬರಹಕ್ಕೆ ಒಳ್ಳೆಯ ತೂಕ ಬರುತ್ತಿತ್ತು. ಏನು ಮಾಡಲಿ, ಅವಳು ಬಂದಳು. ತಡವಾಗಿ, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆಯಲ್ಲಿ. ಊದುಬತ್ತಿ ಏನಾಯಿತು ಎಂದು ಕೇಳಿದೆ.

“ಅದು ಸಂಜೆಗೆ ಸಾರ್. ಅಮ್ಮಾನೂ ಕೂತ್ಕೊಂಡು ಒಸೀತದೆ, ನಾನು ಕತೆ ಹೇಳ್ಬೇಕು.” ಲೆಕ್ಕದ ಪುಸ್ತಕ ಬಿಚ್ಚಿಕೊಂಡು ಕೂತಳು. “ಮೊದ್ಲು ಲೆಕ್ಕ, ಆಮೇಲೆ ಮೀಸೆ ಅಂತ ಯೋಳೈತೆ.”