ಮಾತಿಗೆ ಹೆದರಿದ ಮರಿ

ನಾಯಿಮರಿ ಬೆಳೆಸುವುದೆಂದರೆ ಹಾಲು ಕುಡಿಸಿ, ಜಂತುಹುಳದ ಔಷಧಿ ಹಾಕಿ, ಕೇಳಿದವರಿಗೆ ಕೊಟ್ಟು ಕೈತೊಳೆದುಕೊಳ್ಳುವುದು ಎಂದು ತಿಳಿದವರೊಂದಿಗೆ ನಾನು ಹೆಚ್ಚು ಹೊತ್ತು ಮಾತಾಡುವುದಿಲ್ಲ. ಹೆಚ್ಚು ಹೊತ್ತು ಮಾತಾಡುವುದಕ್ಕೆ ನನಗೆ ಜನವೇ ಇಲ್ಲ, ಅದು ಬೇರೆ ವಿಷಯ. ಬೋಗಾದಿಯ ಈ ಬಡಾವಣೆಯಲ್ಲಿ, ಅಮ್ಮ ಹೋದ ಮೇಲೆ ನಾನು ಮತ್ತು ನನ್ನ ಲ್ಯಾಬ್ರಡಾರ್ ಹೆಣ್ಣುನಾಯಿ ಇಬ್ಬರೇ. ಮದುವೆ ಆಗಲಿಲ್ಲ, ಬ್ಯಾಂಕಿನ ಕೆಲಸ ಬೇಗ ಬಿಟ್ಟೆ. ಅಪರೂಪಕ್ಕೊಮ್ಮೆ ಅವಳಿಗೆ ಮರಿ ಹಾಕಿಸಿ, ಅಳೆದು ಸುರಿದು ಒಳ್ಳೆಯ ಮನೆ ಹುಡುಕಿ ಕೊಡುವುದು ಹವ್ಯಾಸವಾಗಿ ಶುರುವಾಗಿ ಕಸುಬೇ ಆಯಿತು.

ಮರಿ ಕಣ್ಣು ಬಿಟ್ಟು, ಕಿವಿ ತೆರೆದ ಮೇಲೆ ಕೆಲವೇ ವಾರಗಳ ಒಂದು ಕಾಲವಿರುತ್ತದೆ. ಆಗ ಕಂಡದ್ದು, ಕೇಳಿದ್ದು, ಮುಟ್ಟಿದ್ದು ಅದಕ್ಕೆ ಜೀವನಪೂರ್ತಿ ಸಹಜ. ಆಗ ಕಾಣದ್ದೆಲ್ಲ ದೆವ್ವ. ಅದಕ್ಕೇ ನಾನು ಮರಿಗಳನ್ನು ಗೋಣಿಚೀಲದ ಮೇಲೆ, ಮರಳಿನ ಮೇಲೆ, ನುಣುಪು ಟೈಲ್ಸಿನ ಮೇಲೆ ಓಡಾಡಿಸುತ್ತೇನೆ. ಕೊಡೆ ಬಿಚ್ಚಿ ಮುಚ್ಚುತ್ತೇನೆ. ಹೆಲ್ಮೆಟ್ ಹಾಕಿಕೊಂಡು ಮನೆಯೊಳಗೆ ತಿರುಗುತ್ತೇನೆ. ಕಿಟಕಿಯಿಂದ ಕಂಡವರು ಏನೆಂದುಕೊಂಡರೋ ನನಗೆ ಗೊತ್ತಿಲ್ಲ. ಅವು ಉಣ್ಣುವಾಗ ಸ್ಟೀಲ್ ತಟ್ಟೆ ಬೀಳಿಸುತ್ತೇನೆ, ಮಿಕ್ಸಿ ಓಡಿಸುತ್ತೇನೆ, ದಸರೆಯಲ್ಲಿ ಹಾರಿಸುವ ಕುಶಾಲತೋಪಿನ ಸದ್ದನ್ನು ಮೊಬೈಲಿನಲ್ಲಿ ಸಣ್ಣದಾಗಿ ಹಾಕಿ ದಿನದಿನಕ್ಕೆ ಏರಿಸುತ್ತೇನೆ. ಪಕ್ಕದ ಸೈಟಿನಲ್ಲಿ ಕಟ್ಟುತ್ತಿದ್ದ ಮನೆಯವರು ಗ್ರಾನೈಟ್ ಕೊಯ್ಯುವ ಯಂತ್ರವನ್ನು ಪುಕ್ಕಟೆಯಾಗಿ ಒದಗಿಸಿದ್ದರು. ಆ ಸಲದ ಆರು ಮರಿಗಳೂ ಅದರ ಕಿರುಚಾಟದಲ್ಲೇ ಕಾಲು ಚಾಚಿ ನಿದ್ದೆ ಹೊಡೆಯುತ್ತಿದ್ದವು. ನನಗೆ ಜಂಬ ಬಂದಿತ್ತು.

ಜಂಬ ಇಳಿಸಿದವರು ದೇವರಾಜ ಮೊಹಲ್ಲಾದಲ್ಲಿ ಪಾತ್ರೆ ಅಂಗಡಿ ಇಟ್ಟಿರುವ ಗಂಡ ಹೆಂಡತಿ. ಮರಿ ನೋಡಲು ಬಂದು ಹಾಲ್‌ನಲ್ಲಿ ಕುಳಿತರು. ಕಪ್ಪೋ ಹಳದಿಯೋ, ಗಂಡೋ ಹೆಣ್ಣೋ, ಅತ್ತೆ ಒಪ್ಪುತ್ತಾರೋ ಇಲ್ಲವೋ ಎಂದು ತಮ್ಮತಮ್ಮಲ್ಲೇ ಚರ್ಚೆ ಶುರುಮಾಡಿದರು. ಜಗಳವಲ್ಲ, ಮಾಮೂಲಿ ಮಾತು, ನಡುವೆ ಸ್ವಲ್ಪ ನಗು. ಯಂತ್ರಕ್ಕೆ ಕಿವಿಯಾಡಿಸದ ನನ್ನ ಮರಿಗಳು ದಡದಡನೆ ಸೋಫಾದ ಹಿಂದೆ ಸೇರಿಕೊಂಡವು. ಐದು ಹೇಗೋ ಸ್ವಲ್ಪ ಹೊತ್ತಿಗೆ ಮೂತಿ ತೋರಿಸಿದವು. ಕತ್ತಿಗೆ ಗುರುತಿಗೆಂದು ಹಸಿರು ಉಲ್ಲನ್ ದಾರ ಕಟ್ಟಿದ್ದ ಗಂಡುಮರಿ ಬರಲೇ ಇಲ್ಲ. ಎತ್ತಿಕೊಂಡು ಬಂದರೆ ನನ್ನ ಸೀರೆಯ ಮೇಲೇ ಉಚ್ಚೆ ಹೊಯ್ದುಕೊಂಡು ಗಡಗಡ ನಡುಗಿತು.

ಆಕೆ ಅದನ್ನು ನೋಡಿ, "ಇದ್ಯಾಕ್ರೀ ಹಿಂಗೆ ನಡುಗ್ತಿದೆ? ಏನಾದ್ರೂ ಹೊಡೀತೀರಾ?" ಎಂದು ಕೇಳಿದರು.

ನನಗೆ ಮೈಯೆಲ್ಲ ಉರಿಯಿತು. ದಸರೆ ಕಳೆದ ಮೇಲೆ ಬನ್ನಿ ಎಂದು ಸಾಗಹಾಕಿದೆ. ಆಮೇಲೆ ಆ ಮರಿಯನ್ನು ಮಡಿಲಲ್ಲಿ ಇಟ್ಟುಕೊಂಡು ಯೋಚಿಸುತ್ತ ಕುಳಿತೆ. ಇವಕ್ಕೆ ಜನ ಹೊಸದಲ್ಲ. ಹಾಲಿನವನು, ಗ್ಯಾಸಿನವನು, ಕೊರಿಯರಿನವನು ಎಲ್ಲರನ್ನೂ ಕಂಡಿವೆ. ಆದರೆ ಒಬ್ಬೊಬ್ಬರೇ ಬಂದು, ಒಂದು ಮಾತಾಡಿ, ಹೋದವರು ಅವರೆಲ್ಲ. ಇಬ್ಬರು ಕುಳಿತು ಒಬ್ಬರೊಂದಿಗೊಬ್ಬರು ಮಾತಾಡುವ ಸದ್ದನ್ನು ಈ ಮರಿಗಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ನಮ್ಮ ಮನೆಯಲ್ಲಿ ಆ ಸದ್ದು ಇರಲಿಲ್ಲ. ಅಮ್ಮ ಹೋದಾಗಿನಿಂದ ಇರಲಿಲ್ಲ.

ಹೆದರುವ ನಾಯಿಯೇ ಕೊನೆಗೆ ಕಚ್ಚುವುದು. ಮನೆಯವರು ಮಾತಾಡಿದರೆ ನಡುಗುವ ಮರಿಯನ್ನು ಮೊದಲು ಗೇಟಿನ ಬಳಿ ಕಟ್ಟುತ್ತಾರೆ, ಆಮೇಲೆ ಒಂದು ದಿನ ಕಾರಿನಲ್ಲಿ ಕೂರಿಸಿಕೊಂಡು ಹೋಗಿ ರಿಂಗ್ ರೋಡಿನಾಚೆ ಇಳಿಸಿ ಬರುತ್ತಾರೆ. ನನಗಿದ್ದದ್ದು ಎರಡು ವಾರ, ಹೆಚ್ಚೆಂದರೆ ಮೂರು. ಅಷ್ಟರೊಳಗೆ ಈ ಮರಿ ಮನುಷ್ಯರ ಮಾತಿಗೆ ಒಗ್ಗದಿದ್ದರೆ ಮುಂದೆ ಒಗ್ಗುವುದು ಬಹಳ ಕಷ್ಟ. ರೇಡಿಯೋ ಹಾಕಿ ನೋಡಿದೆ. ಡಬ್ಬಿಯೊಳಗಿನ ಮಾತನ್ನು ಮರಿಗಳು ಒಂದು ಕ್ಷಣದಲ್ಲಿ ಕಡೆಗಣಿಸಿದವು. ಮನೆಗೆ ಜನ ಬರಬೇಕಿತ್ತು. ಮೊಬೈಲಿನಲ್ಲಿದ್ದ ಹೆಸರುಗಳನ್ನು ಮೇಲಿಂದ ಕೆಳಗೆ ನೋಡಿದೆ. ಡಾಕ್ಟರು, ಔಷಧಿ ಅಂಗಡಿ, ಪ್ಲಂಬರ್. ಸುಮ್ಮನೆ ಬಂದು ಕುಳಿತುಕೊಳ್ಳಿ ಎಂದು ಕರೆಯಬಹುದಾದ ಒಬ್ಬರೂ ಇರಲಿಲ್ಲ.

ಆಗ ನೆನಪಾದದ್ದು ಅಟ್ಟದ ಮೇಲಿದ್ದ ಅಮ್ಮನ ಗೊಂಬೆ ಪೆಟ್ಟಿಗೆ. ಈ ಊರಿನಲ್ಲಿ ನವರಾತ್ರಿಗೆ ಗೊಂಬೆ ಕೂರಿಸಿದ ಮನೆಗೆ ಯಾರು ಬೇಕಾದರೂ ಬರಬಹುದು, ಕರೆಯುವವರಿಗೂ ಬರುವವರಿಗೂ ಸಂಕೋಚವಿಲ್ಲ. ಮದುವೆಯಲ್ಲಿ ಮಗಳಿಗೆ ಕೊಡಬೇಕಾದ ರಾಜ ರಾಣಿಯ ಪಟ್ಟದ ಗೊಂಬೆಗಳು ನನಗೆ ಮದುವೆಯಾಗದ್ದರಿಂದ ಪೆಟ್ಟಿಗೆಯಲ್ಲೇ ಉಳಿದಿದ್ದವು. ಅಮ್ಮ ಹೋದ ಮೇಲೆ ನಾನು ಅವನ್ನು ಮುಟ್ಟಿರಲಿಲ್ಲ. ಧೂಳು ಒರೆಸಿ, ಬೆಂಚು ಸ್ಟೂಲುಗಳನ್ನು ಜೋಡಿಸಿ ಮೆಟ್ಟಿಲು ಮಾಡಿ, ಬಿಳಿ ಪಂಚೆ ಹೊದಿಸಿ ಕೂರಿಸಿದೆ. ದೇವರ ಮೇಲಿನ ಭಕ್ತಿಯಿಂದಲ್ಲ, ನಾಯಿಮರಿಗಾಗಿ. ಅಮ್ಮ ಇದ್ದಿದ್ದರೆ ಎಷ್ಟು ಬೈಯುತ್ತಿದ್ದರೋ.

ಕುಂಕುಮದ ಬಟ್ಟಲು ಹಿಡಿದು ಎದುರು ಮನೆಗೆ ಹೋದೆ. ಹೋದ ವರ್ಷ ನಾಯಿ ಬೊಗಳುತ್ತದೆ ಎಂದು ಆ ಮನೆಯಾಕೆಗೂ ನನಗೂ ಮಾತು ಬೆಳೆದು, ಅಂದಿನಿಂದ ಮುಖ ತಿರುಗಿಸಿಕೊಂಡು ಓಡಾಡುತ್ತಿದ್ದೆವು. ಇಲವಾಲದ ಕಡೆಯ ಒಕ್ಕಲು ಮನೆತನದವರು, ನನಗಿಂತ ಸ್ವಲ್ಪ ಚಿಕ್ಕವರು. ಬಾಗಿಲಲ್ಲಿ ನನ್ನನ್ನು ಕಂಡು ಪೆಚ್ಚಾದರು. ಆದರೆ ಕುಂಕುಮ ತಂದವರನ್ನು ಯಾರೂ ಬಾಗಿಲಿಂದ ಕಳಿಸುವುದಿಲ್ಲ. ಸಾಯಂಕಾಲ ನಾದಿನಿಯನ್ನೂ ಕರೆದುಕೊಂಡು ಬಂದರು.

ಮರಿಗಳಿಗೆ ಲಸಿಕೆ ಪೂರ್ತಿಯಾಗಿರಲಿಲ್ಲ. ಅದಕ್ಕೆ ಚಪ್ಪಲಿ ಗೇಟಿನಾಚೆ ಬಿಡಿ, ನಲ್ಲಿಯಲ್ಲಿ ಕೈಕಾಲು ತೊಳೆದು ಬನ್ನಿ ಎಂದೆ. ಇವರ ಮನೆಯಲ್ಲಿ ನಾಯಿಗೆ ಮಡಿ ಎಂದು ನಾದಿನಿ ಗೊಣಗಿದ್ದು ಕೇಳಿಸಿತು. ಒಳಗೆ ಚಾಪೆಯ ಮೇಲೆ ಕೂರಿಸಿ ಇನ್ನೊಂದು ನಿಯಮ ಹೇಳಿದೆ: ಮರಿಗಳನ್ನು ಕರೆಯಬೇಡಿ, ದಿಟ್ಟಿಸಬೇಡಿ, ನಿಮ್ಮ ಪಾಡಿಗೆ ನೀವು ಮಾತಾಡಿಕೊಳ್ಳಿ. ಮಾತಾಡಿ ಎಂದೊಡನೆ ಇಬ್ಬರಿಗೂ ಬಾಯಿ ಕಟ್ಟಿಹೋಯಿತು. ಗೊಂಬೆ ನೋಡಿದರು, ನನ್ನನ್ನು ನೋಡಿದರು, ಸೀರೆಯ ಅಂಚು ನೋಡಿಕೊಂಡರು. ಕೊನೆಗೆ ಕಾವೇರಿ ನೀರು ಬಿಡುವ ಹೊತ್ತಿನ ಬಗ್ಗೆ ಒಬ್ಬರು ಏನೋ ಅಂದರು, ಇನ್ನೊಬ್ಬರು ಅಲ್ಲ ಎಂದರು, ಅಲ್ಲಿಂದ ದಾರಿ ಸಲೀಸಾಯಿತು. ಹಸಿರು ದಾರದ ಮರಿ ಗೊಂಬೆ ಮೆಟ್ಟಿಲಿನ ಪಂಚೆಯ ಹಿಂದೆ ನುಗ್ಗಿ ಕುಳಿತಿತ್ತು.

ದಿನ ಕಳೆದಂತೆ ಜನ ಹೆಚ್ಚಿದರು. ಬೀದಿಯ ಮಕ್ಕಳು ಗೊಂಬೆ ಕೂರಿಸಿದ್ದೀರಾ ಎಂದು ಕೇಳಿಕೊಂಡು ಬಂದು, ಚರ್ಪು ಎಂದು ಕೊಡುವ ಉಸಲಿ, ಕೋಡುಬಳೆ ತಿಂದು ಹೋದರು. ಬಾಡಿಗೆ ಮನೆಯ ಕಾಲೇಜು ಹುಡುಗಿಯರು ಬಂದರು. ಮಿಕ್ಕ ಐದು ಮರಿಗಳು ಎರಡೇ ದಿನಕ್ಕೆ ಸೆರಗು ಎಳೆಯುವಷ್ಟು ಪಳಗಿಬಿಟ್ಟವು. ಹಸಿರು ದಾರದ್ದು ಮಾತ್ರ ಪಂಚೆಯ ಹಿಂದೆಯೇ. ಎಲ್ಲರೂ ಹೋದ ಮೇಲೆ ಹೊರಗೆ ಬಂದು ನನ್ನ ಕಾಲು ನೆಕ್ಕುತ್ತಿತ್ತು. ಇದು ಹೀಗೇ ಉಳಿದರೆ ನಾನೇ ಇಟ್ಟುಕೊಂಡುಬಿಡಬೇಕು ಎನ್ನಿಸಿದಾಗ ಒಳಗೊಳಗೇ ಸುಖವೆನಿಸುತ್ತಿತ್ತು. ಮರುಕ್ಷಣವೇ ನಾಚಿಕೆಯಾಗುತ್ತಿತ್ತು. ನಾನು ಸತ್ತರೆ ಈ ನಾಯಿ ಯಾರ ಬಳಿ ಹೋಗಬೇಕು?

ಆಯುಧಪೂಜೆಯ ಸಂಜೆ ಎದುರು ಮನೆಯಾಕೆ ತಮ್ಮ ತಂಗಿಯ ಗೃಹಪ್ರವೇಶದಲ್ಲಿ ಅಡುಗೆಯವರು ಕೈಕೊಟ್ಟ ಕತೆ ಹೇಳುತ್ತಿದ್ದರು. ಉದ್ದದ ಕತೆ. ನಡುವೆ ನಾನೂ ಎರಡು ಸಲ ಏನೋ ಕೇಳಿದೆ, ನಕ್ಕೆ. ಪಂಚೆಯ ಅಂಚು ಮೇಲೆದ್ದಿತು. ಮರಿ ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು ಬಂತು, ನಿಂತಿತು, ಮತ್ತೆ ಬಂತು. ಆಕೆಯ ಕಾಲುಂಗುರ ಮೂಸಿ, ಪಾದದ ಮೇಲೆ ಗದ್ದವಿಟ್ಟು ಮಲಗಿತು. ಆಕೆ ಕಣ್ಣು ತಿರುಗಿಸಲಿಲ್ಲ. ಹೇಳಿಕೊಟ್ಟಿದ್ದೆನಲ್ಲ, ದನಿಯನ್ನಷ್ಟೇ ತಗ್ಗಿಸಿ ಕತೆ ಮುಂದುವರಿಸಿದರು. ಉಸಲಿ ತರುತ್ತೇನೆ ಎಂದು ನಾನು ಅಡುಗೆಮನೆಗೆ ಹೋಗಿ ನಿಂತೆ. ಅಳು ಬಂತು. ಸಂತೋಷವೇ ಹೆಚ್ಚು, ಆದರೆ ಅದರೊಳಗೆ ಹೊಟ್ಟೆಕಿಚ್ಚೂ ಸ್ವಲ್ಪ ಇತ್ತು.

ವಿಜಯದಶಮಿಯ ರಾತ್ರಿ ಗೊಂಬೆಗಳನ್ನು ಮಲಗಿಸಿ, ಮಾರನೆಯ ದಿನ ಪೆಟ್ಟಿಗೆಗೆ ತುಂಬಿದೆ. ಮರಿಗಳು ಒಂದೊಂದಾಗಿ ಹೋದವು. ಪಾತ್ರೆ ಅಂಗಡಿಯವರು ಕೊನೆಗೆ ಬಂದರು. ಅವರಿಬ್ಬರೂ ಒಟ್ಟಿಗೆ ಮಾತಾಡುತ್ತಿರುವಾಗಲೇ ಹಸಿರು ದಾರದ ಮರಿ ಅವರ ನಡುವೆ ತೂರಿಕೊಂಡು ಕುಳಿತಿತು. ಆಕೆ ಅದನ್ನೇ ಒಯ್ದರು. ಕಾರಿನೊಳಗಿಂದ ಅದು ನನ್ನ ಕಡೆ ತಿರುಗಿ ನೋಡಲಿಲ್ಲ. ಸರಿಯಾಗಿ ಬೆಳೆದ ಮರಿ ತಿರುಗಿ ನೋಡುವುದಿಲ್ಲ.

ಎರಡು ದಿನ ಕಳೆದು, ಸಂಜೆ ಅಂಗಳ ತೊಳೆಯುತ್ತಿದ್ದಾಗ ಎದುರು ಮನೆಯಾಕೆ ಗೇಟಿನ ಬಳಿ ಬಂದು ನಿಂತರು.

"ಮರಿಗಳೆಲ್ಲ ಹೋದ್ವಂತೆ. ಮನೆ ಬಿಕೋ ಅಂತಿರ್ಬೇಕು, ಅಲ್ವೇನಕ್ಕ?"

"ಅಭ್ಯಾಸ ಆಗಿದೆ ಬಿಡಿ" ಎಂದೆ.

"ಮುಂದಿನ ಸಲ ಮರಿ ಹಾಕ್ದಾಗ ಹೇಳಿ. ಮಾತಾಡೋಕೆ ಬಂದ್ಬುಡ್ತೀನಿ."

"ಹೇಳ್ತೀನಿ."

ಮುಂದಿನ ಸಲ ಎನ್ನುವುದು ಇರಲಿಲ್ಲ. ನನ್ನ ನಾಯಿಗೆ ವಯಸ್ಸಾಯಿತು, ಇನ್ನು ಮರಿ ಬೇಡ ಎಂದು ಡಾಕ್ಟರು ಹೇಳಿಯಾಗಿತ್ತು. ಮರಿ ಇಲ್ಲದಿದ್ದರೇನು, ಒಳಗೆ ಬನ್ನಿ, ಕಾಫಿ ಕುಡಿಯೋಣ ಎಂದಿದ್ದರೆ ಸಾಕಿತ್ತು. ಹೆದರಿಕೆಯಾಯಿತು, ಯಾವುದಕ್ಕೆ ಎಂದು ಕೇಳಿದರೆ ಇಂದಿಗೂ ಸರಿಯಾಗಿ ಹೇಳಲಾರೆ. ಆಕೆ ಗೇಟಿನ ಮೇಲೆ ಕೈಯಿಟ್ಟುಕೊಂಡು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದರು, ನಾನು ಏನಾದರೂ ಹೇಳುತ್ತೇನೇನೋ ಎಂದು. ನಾಯಿಗೆ ಊಟ ಹಾಕಬೇಕು ಎಂದು ನಾನು ಒಳಗೆ ಬಂದೆ.